ಒಂದೇ ತಪ್ಪು ಉತ್ತರ

ಮಿಡ್ಲ್ ಸ್ಕೂಲಿನಲ್ಲಿ ಗಣಿತ ಕಲಿಸಲು ಹೊರಟಿರುವವರು ಆಗಾಗ ನನ್ನ ಮನೆಗೆ ಬರುತ್ತಾರೆ. ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲೇ ಅಂಥವರು ಇಬ್ಬರಿದ್ದಾರೆ. "ಕ್ಲಾಸಲ್ಲಿ ಏನೇನು ಎದುರಾಗುತ್ತೆ ಹೇಳಿ ಸಾರ್" ಎನ್ನುತ್ತಾರೆ. ನಾನು ಮೊದಲು ಹೇಳುವುದು ಇದು: ನಿಮ್ಮೆದುರು ಕೂತ ನಲವತ್ತು ಮಕ್ಕಳಲ್ಲಿ ಮೂವತ್ತೈದು ಮಂದಿ ಲೆಕ್ಕ ಮಾಡುವುದಿಲ್ಲ, ಉತ್ತರ ಹುಡುಕುತ್ತಾರೆ. ನಿಮ್ಮ ಮುಖದಲ್ಲಿ ಹುಡುಕುತ್ತಾರೆ, ಪಕ್ಕದವನ ಸ್ಲೇಟಿನಲ್ಲಿ ಹುಡುಕುತ್ತಾರೆ, ಪುಸ್ತಕದ ಕೊನೆಯ ಹಾಳೆಗಳಲ್ಲಿ ಹುಡುಕುತ್ತಾರೆ. ಮೂವತ್ತೈದು ಎಂಬುದನ್ನು ನಾನು ಎಣಿಸಿ ಬರೆದದ್ದಲ್ಲ, ಅಂದಾಜು. ಮುಂದೆ ನಾನು ನೆನಪಿನಿಂದ ಬರೆಯುವುದನ್ನೆಲ್ಲ ನೀವು ಇದೇ ಅನುಮಾನ ಇಟ್ಟುಕೊಂಡು ಓದಬೇಕು.

ನಾನು ಕೆಲಸಕ್ಕೆ ಸೇರಿದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಗಣಿತದಲ್ಲಿ ಆನರ್ಸ್ ಮಾಡಿದ್ದೆ. ಸಾಧಿಸಿ ತೋರಿಸದ ಹೊರತು ಯಾವುದನ್ನೂ ಒಪ್ಪಬಾರದು ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಆ ಪಾಠ ತಲೆಗೆ ಎಷ್ಟು ಹತ್ತಿತ್ತೆಂದರೆ, ಮೊದಲ ವಾರವಿಡೀ ಹಾಜರಿಯನ್ನೇ ನಂಬಲಿಲ್ಲ. ಹೆಸರು ಕೂಗಿದಾಗ 'ಹಾಜರ್' ಎಂದವನನ್ನು ಎದ್ದು ನಿಲ್ಲಿಸಿ ಮುಖ ನೋಡಿ ಗುರುತು ಹಾಕುತ್ತಿದ್ದೆ. ಸುದ್ದಿ ಹೆಡ್‌ಮೇಷ್ಟ್ರು ನಂಜುಂಡಯ್ಯನವರಿಗೆ ಮುಟ್ಟಿತು. ನಶ್ಯದ ಡಬ್ಬಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಅವರು ನನ್ನನ್ನು ಹೆಸರಿನಿಂದ ಕರೆದದ್ದು ಕಡಿಮೆ.

"ಏನ್ರೀ ಆನರ್ಸ್, ಹಾಜರಿಗೇ ಅರ್ಧ ಗಂಟೆ ತಗೋತೀರಂತೆ?"

"ಒಬ್ಬನೇ ಮೂರು ಜನಕ್ಕೆ ಹಾಜರ್ ಅಂತಾನೆ ಸಾರ್."

"ಹಂಗಾದ್ರೆ ಇಬ್ರು ಬಂದಿಲ್ಲ ಅಂತ ಗೊತ್ತಾಯ್ತಲ್ಲ. ಬರ್ಕೊಂಡು ಪಾಠ ಶುರು ಮಾಡ್ರಿ."

ಇನ್ನೊಂದು ವಿಷಯದಲ್ಲೂ ನನಗೆ ಮುಖಭಂಗವಾಯಿತು. ಆಗಿನ ಮಕ್ಕಳು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಸಂಜೆ ಹೊತ್ತು ಇಡೀ ತರಗತಿ ರಾಗವಾಗಿ ಹೇಳುತ್ತಿತ್ತು. ಅರ್ಥವಿಲ್ಲದ ಗಿಳಿಪಾಠ ಎಂದು ನಾನು ನಿಲ್ಲಿಸಿದೆ. ಒಂದು ದಿನ ಕರಿಹಲಗೆಯ ಮೇಲೆ ಇಪ್ಪತ್ತೆಂಟರ ಮುಕ್ಕಾಲು ಭಾಗವನ್ನು ಭಿನ್ನರಾಶಿಯ ಕ್ರಮದಲ್ಲಿ ಬಿಡಿಸುತ್ತಿದ್ದೆ. ನಾನು ಭಿನ್ನರಾಶಿಯ ಅಡ್ಡಗೆರೆ ಎಳೆಯುವಷ್ಟರಲ್ಲಿ ಹಿಂದಿನಿಂದ "ಇಪ್ಪತ್ತೊಂದು ಸಾ" ಎಂದಿತು ಒಂದು ದನಿ. ಯಾರು ಎಂದು ತಿರುಗಿದರೆ ಎಲ್ಲರೂ ಪುಸ್ತಕ ನೋಡುತ್ತಿದ್ದರು. ಉತ್ತರ ಸರಿಯಾಗಿದ್ದರೂ ಅದು ಎಲ್ಲಿಂದ ಬಂತು ಎಂಬ ಅನುಮಾನ ನನ್ನನ್ನು ಬಿಡಲಿಲ್ಲ.

ಹಾಗಾಗಿಯೇ ಪುಸ್ತಕಗಳನ್ನು ಹೊಲಿಸಿದ್ದು. ಲೆಕ್ಕದ ಪುಸ್ತಕದ ಕೊನೆಯಲ್ಲಿ ಉತ್ತರಗಳ ಏಳೆಂಟು ಹಾಳೆ ಇರುತ್ತಿದ್ದವು. ಜೂನ್ ತಿಂಗಳಲ್ಲಿ ಎಲ್ಲರ ಪುಸ್ತಕ ಒಟ್ಟುಮಾಡಿ, ದಬ್ಬಣ ಮತ್ತು ಸೆಣಬಿನ ದಾರ ತರಿಸಿ, ಆ ಹಾಳೆಗಳನ್ನು ಮೂರೂ ಕಡೆ ಹೊಲಿಸಿದೆ. ಮಕ್ಕಳು ಒಂದು ವಾರ ಸುಮ್ಮನಿದ್ದರು. ಆಮೇಲೆ ಹೊಲಿಗೆಯ ನಡುವಿನ ಸಂದಿನಲ್ಲಿ ಹಾಳೆ ಉಬ್ಬಿಸಿ, ಬಾವಿಗೆ ಇಣುಕಿದ ಹಾಗೆ ಒಂದು ಕಣ್ಣು ಮುಚ್ಚಿ ಓದುವುದನ್ನು ಕಲಿತರು. ನನಗೆ ಇದು ತಿಳಿದದ್ದು ಅಚ್ಚಿನ ತಪ್ಪಿನಿಂದ. ಒಂದು ಬಡ್ಡಿ ಲೆಕ್ಕಕ್ಕೆ ಉತ್ತರ ಮೂವತ್ತಾರು ಬರಬೇಕು, ಪುಸ್ತಕದಲ್ಲಿ ಅರವತ್ತಮೂರು ಎಂದು ಅಚ್ಚಾಗಿತ್ತು. ಮರುದಿನ ಇಪ್ಪತ್ತಾರು ಮಕ್ಕಳು ಅರವತ್ತಮೂರು ಬರೆದು ತಂದರು. ಕೆಲವರು ಮೂವತ್ತಾರು ಬಂದಿದ್ದನ್ನು ಹೊಡೆದು ಅರವತ್ತಮೂರು ಮಾಡಿದ್ದರು.

ಅಂದು ನನಗೆ ಒಂದು ಸೂತ್ರ ಸಿಕ್ಕಿತು. ಸರಿ ಉತ್ತರ ಒಂದೇ ಆದ್ದರಿಂದ ಅದನ್ನು ಯಾರು ಬೇಕಾದರೂ ತಮ್ಮಷ್ಟಕ್ಕೆ ತಲುಪಬಹುದು. ತಪ್ಪಿಗೆ ಸಾವಿರ ದಾರಿ. ಇಬ್ಬರು ಒಂದೇ ತಪ್ಪು ಉತ್ತರ ಬರೆದರೆ ಒಬ್ಬರು ಇನ್ನೊಬ್ಬರದನ್ನು ನೋಡಿದ್ದಾರೆ, ಅಥವಾ ಇಬ್ಬರೂ ಮೂರನೆಯದನ್ನು ನೋಡಿದ್ದಾರೆ. ಮುಂದೆ ಹಲವು ವರ್ಷ ನಾನು ಈ ಸೂತ್ರದಿಂದ ಮಕ್ಕಳನ್ನು ಹಿಡಿದೆ. ಬೇರೆ ಶಾಲೆಯ ಮೇಷ್ಟ್ರುಗಳು ಇದನ್ನು ಕೇಳಿ ಬರೆದುಕೊಂಡು ಹೋದದ್ದೂ ಉಂಟು.

ಈಗ ತಾಯಮ್ಮನ ಸಂಗತಿ.

ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯವರು ಎಲ್.ಎಸ್. ಎಂಬ ಪಬ್ಲಿಕ್ ಪರೀಕ್ಷೆಗೆ ಕೂರಬೇಕಿತ್ತು. ಅದಕ್ಕೆ ಮುಂಚೆ ಶಾಲೆಯಲ್ಲೇ ಒಂದು ಆಯ್ಕೆ ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ಯೋಗ್ಯರೆಂದು ಕಂಡವರ ಪಟ್ಟಿಗೆ ಹೆಡ್‌ಮೇಷ್ಟ್ರು ರುಜು ಹಾಕಿ ಕಳಿಸುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗ ಮುಂದಿನ ವರ್ಷ ಬರುತ್ತಿದ್ದ. ಹೆಸರಿಲ್ಲದ ಹುಡುಗಿ ಬರುತ್ತಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು, ಮಾತಾಡುತ್ತಿರಲಿಲ್ಲ.

ತಾಯಮ್ಮ ಆ ತರಗತಿಯ ಐದು ಹುಡುಗಿಯರಲ್ಲಿ ಒಬ್ಬಳು. ಮುಂದಿನ ಬೆಂಚು. ಮಾತು ಕಡಿಮೆ. ಕೆಂಪಣ್ಣ ಎಂಬ ಹುಡುಗ ಕಿಟಕಿ ಪಕ್ಕದ ಕೊನೆಯ ಬೆಂಚಿನವನು. ಶಾಲೆಯ ದಾಖಲೆ ಪುಸ್ತಕದಲ್ಲಿ ತಂದೆಯ ಉದ್ಯೋಗ ಎಂಬ ಕಡೆ ಇಬ್ಬರಿಗೂ 'ಕೂಲಿ' ಎಂದಿತ್ತು. ಅರ್ಧ ಶಾಲೆಗೆ ಹಾಗೆಯೇ ಇತ್ತು.

ಆಯ್ಕೆ ಪರೀಕ್ಷೆಗೆ ನಾನೇ ಪ್ರಶ್ನೆ ತೆಗೆದಿದ್ದೆ. ಒಂದು ಪ್ರಶ್ನೆ: ದುಂಡನೆಯ ಮರದ ದಿಮ್ಮಿಯ ಸುತ್ತಳತೆ ಎಂಬತ್ತೆಂಟು ಅಂಗುಲ, ಉದ್ದ ಹನ್ನೆರಡು ಅಡಿ, ಅದರ ಘನಫಲವೆಷ್ಟು? ಸುತ್ತಳತೆಯಿಂದ ತ್ರಿಜ್ಯ ಹದಿನಾಲ್ಕು ಅಂಗುಲ ಸಿಗುತ್ತದೆ. ಅದರ ವರ್ಗವನ್ನು ಏಳನೇ ಇಪ್ಪತ್ತೆರಡರಿಂದ ಗುಣಿಸಿ ಮುಂದುವರಿದರೆ ಐವತ್ತೊಂದೂ ಮೂರನೇ ಒಂದು ಘನ ಅಡಿ. ಬಹಳ ಜನ ತಪ್ಪು ಮಾಡಿದ್ದರು, ಅವರವರ ತಪ್ಪು ಅವರವರದು. ತಾಯಮ್ಮ ಮತ್ತು ಕೆಂಪಣ್ಣನ ಹಾಳೆಯಲ್ಲಿ ಮಾತ್ರ ಒಂದೇ ಉತ್ತರ: ನಲವತ್ತೂ ಮೂರನೇ ಒಂದು.

ಮಧ್ಯದ ಹೆಜ್ಜೆಗಳು ಎರಡೇ ಇದ್ದವು. ಇಪ್ಪತ್ತೆರಡನ್ನು ಇಪ್ಪತ್ತೆರಡರಿಂದ ಗುಣಿಸಿ ನಾನ್ನೂರ ಎಂಬತ್ತನಾಲ್ಕು, ಅದನ್ನು ಹನ್ನೆರಡರಿಂದ ಭಾಗಿಸಿದ್ದು. ಇಪ್ಪತ್ತೆರಡು ಎಲ್ಲಿಂದ ಬಂತೆಂದು ನನಗೆ ಸಂಶಯವೇ ಬರಲಿಲ್ಲ. ಏಳನೇ ಇಪ್ಪತ್ತೆರಡು ಎಂದು ಬರೆಯಬೇಕಾದಲ್ಲಿ ಒಬ್ಬರು ಏಳನ್ನು ಬಿಟ್ಟಿದ್ದಾರೆ, ಇನ್ನೊಬ್ಬರು ಆ ತಪ್ಪನ್ನೂ ಸೇರಿಸಿ ನಕಲು ಮಾಡಿದ್ದಾರೆ. ಕೊನೆಯ ಮೂರನೇ ಒಂದು ಮಾತ್ರ ಸರಿ ಉತ್ತರದ್ದೇ. ಅದನ್ನು ಬೇರೆ ಯಾರದೋ ಹಾಳೆಯಿಂದ ಎತ್ತಿದ್ದಾರೆ. ಹೀಗೆ ಒಂದರ ಮೇಲೊಂದು ಜೋಡಿಸಿದೆ. ಎಲ್ಲವೂ ಕೂಡಿಕೊಂಡಿತು.

ಇಬ್ಬರನ್ನೂ ಆಫೀಸು ಕೋಣೆಗೆ ಕರೆಸಿದೆ. ನಂಜುಂಡಯ್ಯನವರು ಪಕ್ಕದಲ್ಲಿ ಕೂತಿದ್ದರು. ನಾನು ಕೇಳಿದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. ಇದನ್ನು ಮಾತ್ರ ನಂಬಬಹುದು, ಏಕೆಂದರೆ ಇದರಿಂದ ನನಗೆ ಒಳ್ಳೆಯ ಹೆಸರೇನೂ ಬರುವುದಿಲ್ಲ.

"ಯಾರು ಯಾರದ್ದು ನೋಡಿ ಬರೆದ್ರಿ?"

"ನಾನು ಯಾರದ್ದೂ ನೋಡಿಲ್ಲ ಸಾ" ಎಂದಳು ತಾಯಮ್ಮ.

"ಹಾಗಾದ್ರೆ ಇವನು ನಿನ್ನದು ನೋಡಿದ್ದಾನೆ."

"ಅದು ನಂಗೊತ್ತಿಲ್ಲ ಸಾ."

ಕೆಂಪಣ್ಣನ ಕಡೆ ತಿರುಗಿದೆ. ಮೇಜಿನ ಮೇಲೆ ಬೆತ್ತ ಇತ್ತು. ನಾನು ಅದನ್ನು ಮುಟ್ಟಿದೆನೋ ಇಲ್ಲವೋ ಹೇಳಲಾರೆ. ಅವನು ಬೆತ್ತವನ್ನು ನೋಡಿದ, ನನ್ನನ್ನು ನೋಡಿದ.

"ಹೂಂ ಸಾ. ನೋಡ್ಬುಟ್ಟೆ."

"ಯಾರದ್ದು?"

"ಅವಳ್ದೇ ಸಾ. ಅವಳೇ ತೋರ್ಸುದ್ಲು."

ಕೊನೆಯ ಬೆಂಚಿನಿಂದ ಮೊದಲ ಬೆಂಚಿನ ಹಾಳೆ ಕಾಣುವುದು ಹೇಗೆ ಎಂದು ಕೇಳಬೇಕಾದವನು ನಾನು. ಹಾಜರಿಯನ್ನೇ ನಂಬದವನು. ಆ ಹುಡುಗನ ಮಾತನ್ನು ಅಳೆದು ನೋಡದೆ ಒಪ್ಪಿದೆ, ಏಕೆಂದರೆ ಅದು ನನ್ನ ಸೂತ್ರಕ್ಕೆ ಹೊಂದುತ್ತಿತ್ತು.

ತಪ್ಪೊಪ್ಪಿಕೊಂಡವನಿಗೆ ನಾಲ್ಕು ಏಟು ಕೊಟ್ಟು ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ಅಂದಿನ ಪದ್ಧತಿ. ಒಪ್ಪದವರದ್ದು ಎರಡು ತಪ್ಪು, ನಕಲು ಒಂದು, ಸುಳ್ಳು ಒಂದು; ಅವರ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಮಕ್ಕಳನ್ನು ಹೊರಗೆ ಕಳಿಸಿದ ಮೇಲೆ ನಂಜುಂಡಯ್ಯನವರು ಪಟ್ಟಿಯನ್ನು ಮುಂದೆ ಎಳೆದುಕೊಂಡರು.

"ಖಂಡಿತವಾಗಿ ಹೇಳ್ತೀರೇನ್ರೀ?"

"ಖಂಡಿತ ಸಾರ್."

"ಆರೇಳು ವರ್ಷದಿಂದ ನೋಡ್ತಿದೀನಿ, ಈ ಮಾತು ನಿಮ್ಮ ಬಾಯಲ್ಲಿ ಇವತ್ತೇ ಕೇಳಿದ್ದು" ಎಂದರು. ನಶ್ಯ ಏರಿಸಿಕೊಂಡರು. ಪಟ್ಟಿಗೆ ರುಜು ಹಾಕದೆ ನಾಳೆ ನೋಡೋಣ ಎಂದು ಎದ್ದರು.

ಮರುದಿನ ಬೆಳಿಗ್ಗೆ ತಾಯಮ್ಮನ ಅಪ್ಪ ಬಂದ. ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು ಬಾಗಿಲ ಹೊರಗೇ ನಿಂತ. ತೋಳಿನ ಕೂದಲಲ್ಲಿ ಸಣ್ಣ ಹೊಟ್ಟಿನಂಥದ್ದು ಅಂಟಿತ್ತು.

"ಸಾಮಿ, ನಮ್ ಹುಡ್ಗಿ ಅಂಗೆಲ್ಲ ಮಾಡೋಳಲ್ಲ."

"ಎಲ್ಲ ಅಪ್ಪಂದಿರೂ ಇದನ್ನೇ ಹೇಳೋದು."

"ಆ ಲೆಕ್ಕ ನಾನೇ ಯೋಳ್ಕೊಟ್ಟಿದ್ದು ಸಾಮಿ."

"ಲೆಕ್ಕ ಹೇಳಿಕೊಡೋದಕ್ಕೆ ಸ್ಕೂಲಿದೆ. ನೀವು ಹೋಗಿ" ಎಂದೆ.

ಹೀಗೆ ನಡೆಯಿತೆಂದು ನೆನಪು. ಆದರೆ 'ನಾನೇ ಹೇಳಿಕೊಟ್ಟಿದ್ದು' ಎಂಬ ಮಾತನ್ನು ಅವನು ನಿಜವಾಗಿ ಆಡಿದನೋ, ಎಲ್ಲ ತಿಳಿದ ಮೇಲೆ ನಾನೇ ಅವನ ಬಾಯಲ್ಲಿ ಇಟ್ಟೆನೋ ನಿಶ್ಚಯವಿಲ್ಲ. ಇಟ್ಟಿದ್ದರೆ ಯಾಕೆ ಇಟ್ಟೆ ಎಂಬುದೂ ಗೊತ್ತಿಲ್ಲ.

ಇನ್ನು ಮುಂದಿನ ಭಾಗವನ್ನು ನಾನು ಇಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ತರಬೇತಿ ಶಿಬಿರಗಳಲ್ಲಿ ಹೇಳಿದ್ದೇನೆ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ನಿಂತು ಹೇಳಿದ್ದೇನೆ. ಅದು ಹೀಗಿದೆ: ಆ ಅಪ್ಪನ ತೋಳಿನ ಮೇಲಿದ್ದ ಹೊಟ್ಟು ನನ್ನನ್ನು ಕಾಡಿತು. ಸಂಜೆ ವಿಚಾರಿಸಿಕೊಂಡು ಅವನು ಕೆಲಸ ಮಾಡುವ ಸಾಮಿಲ್ಲಿಗೆ, ಅಂದರೆ ಮರ ಕುಯ್ಯುವ ಕಾರ್ಖಾನೆಗೆ, ಹೋದೆ. ಅಲ್ಲಿ ಕೆಲಸಗಾರರು ದಿಮ್ಮಿಯ ಸುತ್ತ ದಾರ ಸುತ್ತಿ, ಆ ದಾರವನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಉದ್ದವನ್ನು ಅದರಿಂದಲೇ ಗುಣಿಸಿ, ಮತ್ತೆ ದಿಮ್ಮಿಯ ಉದ್ದದಿಂದ ಗುಣಿಸುತ್ತಿದ್ದರು. ಎಂಬತ್ತೆಂಟರ ಕಾಲು ಭಾಗ ಇಪ್ಪತ್ತೆರಡು. ಏಳನ್ನು ಯಾರೂ ಬಿಟ್ಟಿರಲಿಲ್ಲ. ಇಬ್ಬರು ಮಕ್ಕಳ ಅಪ್ಪಂದಿರೂ ಅಲ್ಲೇ ಕೆಲಸಕ್ಕಿದ್ದರು. ಓಡಿ ಬಂದು ನಂಜುಂಡಯ್ಯನವರಿಗೆ ಹೇಳಿದೆ, ಅವರು ಹುಡುಗಿಯ ಹೆಸರನ್ನು ಪಟ್ಟಿಗೆ ಸೇರಿಸಿದರು. ಈ ಜಾಗಕ್ಕೆ ಬಂದಾಗ ಯಾವಾಗಲೂ ಚಪ್ಪಾಳೆ ಬೀಳುತ್ತಿತ್ತು.

ಈ ಬರಹಕ್ಕಾಗಿ ಅದನ್ನು ಮೊದಲ ಸಲ ಕಾಗದದ ಮೇಲೆ ಇಳಿಸುತ್ತಿದ್ದೆ. ಬಾಯಲ್ಲಿ ಹೇಳುವಾಗ ಕಾಣದ್ದು ಬರೆಯುವಾಗ ಕಾಣುತ್ತದೆ. ಸಾಮಿಲ್ಲಿನ ಅಂಗಳವನ್ನು ವರ್ಣಿಸಬೇಕೆಂದು ಕಣ್ಣು ಮುಚ್ಚಿದೆ. ದಿಮ್ಮಿ ಕಂಡಿತು, ದಾರ ಕಂಡಿತು, ಪಕ್ಕದಲ್ಲಿ ಒಂದು ಉಕ್ಕಿನ ಟೇಪು ಕಂಡಿತು. ಕೆಲಸಗಾರನೊಬ್ಬ ಗೊಣಗುತ್ತಿದ್ದ: "ಈ ಸೆಂಟಿಮೀಟ್ರು ಬಂದ್ಮೇಲೆ ನೂಲು ಲೆಕ್ಕ ಎಲ್ಲಾ ಅಡ್ಡಾದಿಡ್ಡಿ ಆಗ್ಬುಡ್ತು ಕಣ್ರಪ್ಪಾ." ಅಂಗುಲದ ಎಂಟನೇ ಒಂದು ಭಾಗಕ್ಕೆ ಮರಗೆಲಸದವರು ನೂಲು ಎನ್ನುತ್ತಾರೆ.

ಪೆನ್ನು ಕೆಳಗಿಟ್ಟೆ. ಆ ಪರೀಕ್ಷೆಯ ಪ್ರಶ್ನೆ ಅಡಿ ಅಂಗುಲದ್ದು. ನಯಾಪೈಸೆ ಬರುವುದಕ್ಕಿಂತ ಮುಂಚಿನದು. ಮೀಟರು ಸೆಂಟಿಮೀಟರುಗಳು ಅಂಗಡಿಗಳಿಗೆ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಅವನ್ನು ಮಕ್ಕಳಿಗಿಂತ ಒಂದು ದಿನ ಮುಂಚೆ ಕಲಿತು ಪಾಠ ಮಾಡಿದವನು ನಾನೇ, ನನಗೆ ಇದರಲ್ಲಿ ಗೊಂದಲವಿಲ್ಲ. ವಿಚಾರಣೆಯ ಮರುದಿನ ನಾನು ಸಾಮಿಲ್ಲಿಗೆ ಹೋಗಿದ್ದರೆ ಅಲ್ಲಿ ಸೆಂಟಿಮೀಟರಿನ ಟೇಪು ಇರಲು ಸಾಧ್ಯವಿಲ್ಲ.

ಟೇಪು ಸುಳ್ಳೋ, ಮರುದಿನ ಸುಳ್ಳೋ?

ಎರಡು ದಿನ ಊಟ ಸೇರಲಿಲ್ಲ. "ಯಾವ ಕಾಲದ ಲೆಕ್ಕ ಅದು, ಬಿಟ್ಟಾಕಿ ಅಂದ್ರೆ" ಎಂದಳು ನನ್ನ ಹೆಂಡತಿ. ಬಿಡಲಿಲ್ಲ. ನಾನು ಸಾಮಿಲ್ಲಿಗೆ ಹೋಗಿದ್ದಕ್ಕೆ ಬೇರೊಂದು ಕಾರಣ ನಿಧಾನವಾಗಿ ನೆನಪಾಯಿತು. ಪುಸ್ತಕದ ಕಪಾಟು ಮಾಡಿಸಲು ಹಲಗೆ ತರಲು ಹೋಗಿದ್ದೆ. ಆ ಕಪಾಟು ಈಗಲೂ ನಡುಮನೆಯಲ್ಲಿದೆ. ಅದರ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಬೀದಿಯ ಇಬ್ಬರು ಹೊಸ ಮೇಷ್ಟ್ರುಗಳನ್ನು ಕರೆದು, ಗೋಡೆಯಿಂದ ಮುಂದಕ್ಕೆ ಎಳೆಸಿದೆ. ಬೆನ್ನ ಹಲಗೆಗೆ ಪಾಲಿಶ್ ಹಾಕಿರಲಿಲ್ಲ. ಜೇಡರ ಬಲೆ ಒರೆಸಿದರೆ ನೀಲಿ ಪೆನ್ಸಿಲಿನಲ್ಲಿ ಎರಡು ಅಳತೆಗಳು, ಒಂದರ ಕೆಳಗೊಂದು. ಆರೂವರೆ ಅಡಿ. ನೂರ ತೊಂಬತ್ತೆಂಟು ಸೆಂಟಿಮೀಟರು.

"ಯಾರ ಅಕ್ಷರ ಸಾರ್ ಇದು, ಇಷ್ಟು ದುಂಡಗಿದೆ?" ಎಂದ ಅವರಲ್ಲೊಬ್ಬ.

ಆಗ ಎಲ್ಲವೂ ತನ್ನ ಜಾಗಕ್ಕೆ ಬಂದು ನಿಂತಿತು. ನನ್ನ ಹಲಗೆ ಕುಯ್ಯುವುದನ್ನು ಕಾಯುತ್ತಾ ನಾನು ಅಂಗಳದಲ್ಲಿ ನಿಂತಿದ್ದೆ. ದಿಮ್ಮಿಗೆ ದಾರ ಸುತ್ತುವುದನ್ನು ನೋಡಿ, ಇವರು ಏನೋ ಮೋಸ ಮಾಡುತ್ತಿದ್ದಾರೆಂದು ಅನುಮಾನಪಟ್ಟು ಹತ್ತಿರ ಹೋದೆ. ಮನಸ್ಸಿನಲ್ಲೇ ಆ ಹಳೆಯ ಪರೀಕ್ಷೆಯ ಲೆಕ್ಕ ಹಾಕಿದೆ. ನಾಲ್ಕು ಮಡಿಕೆ, ಇಪ್ಪತ್ತೆರಡು, ನಲವತ್ತೂ ಮೂರನೇ ಒಂದು. ತಲೆ ಎತ್ತಿದಾಗ, ಟೇಪಿನ ತುದಿ ಹಿಡಿದು ಕಂಕುಳಲ್ಲಿ ಅಳತೆ ಪುಸ್ತಕ ಸಿಕ್ಕಿಸಿಕೊಂಡಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಲೆಕ್ಕದ ಮೇಷ್ಟ್ರು ಅಲ್ವಾ ಸಾ?"

ತಾಯಮ್ಮನಿಗೆ ಆಗ ಇಪ್ಪತ್ತು ದಾಟಿತ್ತು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅಳತೆ ಬರೆಯುವ ಕೆಲಸಕ್ಕೆ ತಾನೇ ಬರುತ್ತಿದ್ದೇನೆ ಎಂದಳು. ನನ್ನ ಹಲಗೆಯ ಮೇಲೆ ಅಳತೆ ಬರೆದದ್ದೂ ಅವಳೇ. ಕೆಂಪಣ್ಣ ಎಲ್.ಎಸ್. ಪಾಸು ಮಾಡಿ ಯಾವುದೋ ಕಚೇರಿ ಸೇರಿದ್ದಾನಂತೆ.

"ಅವನು ನನ್ನದು ನೋಡಿರ್ಲಿಲ್ಲ ಸಾ. ಹೊಡೀತೀರಿ ಅಂತ ಹೇಳ್ಬುಟ್ಟ, ಅಷ್ಟೇ. ಪಾಪ, ಆಮೇಲೆ ನಮ್ಮನೆ ಮುಂದೆ ಓಡಾಡೋದ್ನೇ ಬುಟ್ಟ."

ದಿಮ್ಮಿಯನ್ನು ತೋರಿಸಿ ನಾನು ಕೇಳಿದೆ: "ಇದನ್ನ ಹೇಗೆ ಮಾಡ್ತೀಯಮ್ಮ?"

ಅವಳು ದಾರ ಸುತ್ತಿ, ಮಡಿಸಿ, ಹೇಳಿಕೊಟ್ಟಳು. ಪುಸ್ತಕದ ಪ್ರಕಾರ ಮಾಡಿದರೆ ಆ ಪರೀಕ್ಷೆಯ ಲೆಕ್ಕಕ್ಕೆ ಹನ್ನೊಂದು ಘನ ಅಡಿ ಹೆಚ್ಚಿಗೆ ಬರುತ್ತದೆ, ಅದೆಲ್ಲಿ ಹೋಯಿತು ಎಂದು ಕೇಳಿದೆ. ಆ ಹೊತ್ತಿನಲ್ಲೂ ವಾದಿಸಿದೆ.

"ದುಂಡು ಮರ ಚೌಕ ಮಾಡ್ದಾಗ ನಾಕು ಕಡೆ ಸಿಪ್ಪೆ ಹೋಗಲ್ವಾ ಸಾ? ಅದು ಸೌದೆಗೆ. ಅದನ್ನ ಮರ ಅಂತ ಯಾರು ಬರೀತಾರೆ?" ಎಂದಳು. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಅವತ್ತೇ ಕೇಳಿದ್ರೆ ಹೇಳ್ತಿದ್ದೆ" ಎಂದಳು. ಕೋಪವೇನೂ ಇರಲಿಲ್ಲ. ಯಾರೋ ಕೂಗಿದರೆಂದು ಗರಗಸದ ಕಡೆ ಹೋದಳು.

ಆದ್ದರಿಂದ ಚಪ್ಪಾಳೆಯ ಕಥೆ ಸುಳ್ಳು. ನಂಜುಂಡಯ್ಯನವರು ಒಂದು ದಿನ ಕಾದು ಆ ಪಟ್ಟಿಗೆ ಹಾಗೆಯೇ ರುಜು ಹಾಕಿರಬೇಕು, ನಾನು ಏನೂ ಹೇಳಿರಲಾರೆ. ಆ ಒಂದು ದಿನವನ್ನು ಅವರು ನನಗಾಗಿ ಕೊಟ್ಟಿದ್ದರು ಎಂದು ಈಗ ಅನ್ನಿಸುತ್ತದೆ. ಅದನ್ನು ಸಾಧಿಸಿ ತೋರಿಸಲಾರೆ.

ತಾಯಮ್ಮನಲ್ಲಿ ಕ್ಷಮೆ ಕೇಳಿದೆ ಎಂದೂ ನನಗೆ ನೆನಪಿದೆ. ಗರಗಸದ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಎಂಬಲ್ಲಿವರೆಗೂ ನೆನಪಿದೆ. ಆದರೆ ಈ ನೆನಪು ನನಗೆ ಬಹಳ ಅನುಕೂಲವಾಗಿದೆ. ಹಾಗಾಗಿ ಇದನ್ನು ನಂಬುವುದಿಲ್ಲ, ನೀವೂ ನಂಬಬೇಡಿ.

ಕ್ಲಾಸಿನಲ್ಲಿ ಏನು ಎದುರಾಗುತ್ತದೆ ಎಂದು ಕೇಳಿದ ಆ ಇಬ್ಬರು ಹುಡುಗರಿಗೆ ಕಪಾಟಿನ ಹಿಂದೆ ನಿಂತೇ ಇಷ್ಟನ್ನೂ ಹೇಳಿದೆ. ಆಮೇಲೆ ಒಬ್ಬ ಮನೆಗೆ ಹೋಗಿ ಟೇಪು ತಂದ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು ಹಿಡಿದೆ. ಬೆನ್ನ ಹಲಗೆಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಅಳೆದೆವು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ.